ನಾಜಿಯಾ ಹಾಸನದವಳಲ್ಲ, ಆದರೂ ಥ್ಯಾಂಕ್ಸ್

ಕಳೆದ ತಿಂಗಳು ಬ್ಯಾಂಕಿನಿಂದ ನಿವೃತ್ತಳಾದೆ. 36 ವರ್ಷದ ಕೆಲಸ. ಬೀಳ್ಕೊಡುಗೆಯ ದಿನ ಹಾರ, ಸೀರೆ, ಹಣ್ಣಿನ ಬುಟ್ಟಿ ಎಲ್ಲ ಆದಮೇಲೆ ಕ್ಯಾಶ್ ಕೌಂಟರಿನ ಹುಡುಗಿ "ಮೇಡಂ, ಒಂದು ಹಾಡು" ಅಂತ ಹಟ ಹಿಡಿದಳು. ಎಲ್ಲರೂ ದೇವರನಾಮ ಬರುತ್ತೆ ಅಂತ ಕೈ ಕಟ್ಟಿ ಕೂತಿದ್ದರು. ನನ್ನ ಬಾಯಿಂದ ಬಂದದ್ದು 'ಆಪ್ ಜೈಸಾ ಕೋಯಿ'.

ಅದರ ವಿಡಿಯೋ ನೋಡಿ ಎಷ್ಟೊಂದು ಜನ ಫೋನು ಮಾಡಿದಿರಿ, ಮೆಸೇಜು ಹಾಕಿದಿರಿ. ಎಲ್ಲರಿಗೂ ಥ್ಯಾಂಕ್ಸ್. ನನ್ನ ಹಿಂದಿಯನ್ನು ಸಹಿಸಿಕೊಂಡಿದ್ದಕ್ಕೂ. ಆದರೆ ಈ ಥ್ಯಾಂಕ್ಸ್‌ನಲ್ಲಿ ದೊಡ್ಡ ಪಾಲು ಇನ್ನೊಬ್ಬಳಿಗೆ ಹೋಗಬೇಕು. ಅವಳು ತೀರಿಕೊಂಡು 25 ವರ್ಷವಾಯಿತು.

ಆ ಹಾಡು ಹಾಡಿದ ನಾಜಿಯಾ ಹಸನ್ ಹುಟ್ಟಿದ್ದು ಕರಾಚಿಯಲ್ಲಿ, 1965ರ ಏಪ್ರಿಲ್‌ನಲ್ಲಿ. ನಾನೂ ಅದೇ ವರ್ಷದವಳು. 1980ರಲ್ಲಿ ಆ ಹಾಡಿದ್ದ 'ಕುರ್ಬಾನಿ' ಸಿನಿಮಾ ಬಂದಾಗ ಅವಳಿಗೆ 15. ಲಂಡನ್ನಿನಲ್ಲಿ ಓದುತ್ತಿದ್ದ ಸ್ಕೂಲ್ ಹುಡುಗಿ ಹಾಡಿದ ಹಾಡು ನಮ್ಮ ಹಾಸನದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು. ಆ ಹಾಡಿಗೆ ಅವಳಿಗೆ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂತು. ಲತಾ, ಆಶಾ ಹಾಡುತ್ತಿದ್ದ ಕಾಲದಲ್ಲಿ!

ಮರುವರ್ಷ 'ಡಿಸ್ಕೋ ದೀವಾನೆ' ಬಂತು. ಅದರಲ್ಲಿ ಅವಳ ಜೊತೆ ತಮ್ಮ ಜೊಹೇಬ್ ಕೂಡ ಹಾಡಿದ್ದ. ಸಿನಿಮಾ ಇಲ್ಲ, ಹೀರೋ ಇಲ್ಲ, ಬರೀ ಹಾಡು. ಕ್ಯಾಸೆಟ್ ಅಂಗಡಿಯಲ್ಲಿ ಅದರ ಕವರ್ ಮೇಲೆ ಇಂಗ್ಲಿಷಿನಲ್ಲಿ ಅವಳ ಹೆಸರು ನೋಡಿದ ನನ್ನ ತಮ್ಮ ಕುಣಿದಾಡಿಬಿಟ್ಟ. ಹಸನ್ ಅನ್ನುವುದರ ಸ್ಪೆಲ್ಲಿಂಗೂ ನಮ್ಮ ರೈಲ್ವೆ ಸ್ಟೇಷನ್ ಬೋರ್ಡಿನ ಸ್ಪೆಲ್ಲಿಂಗೂ ಒಂದೇ. "ಅಕ್ಕಾ, ಇವಳು ನಮ್ಮೂರವಳು ಕಣೇ!" ಕ್ರಿಕೆಟ್ ಆಡುವ ಹುಡುಗರಿಗೆಲ್ಲ ಹೇಳಿಕೊಂಡು ಬಂದ. ಸಾಲಗಾಮೆ ರಸ್ತೆಯಲ್ಲಿ ಅವರ ಮನೆ ಇದೆ ಅಂತಲೂ ಸೇರಿಸಿದ.

ಅಸಲಿ ಕ್ಯಾಸೆಟ್ ಕೊಳ್ಳುವಷ್ಟು ದುಡ್ಡು ನಮ್ಮ ಹತ್ತಿರ ಇರಲಿಲ್ಲ. ಖಾಲಿ ಕ್ಯಾಸೆಟ್ ಕೊಟ್ಟರೆ ಅಂಗಡಿಯವರೇ ಹಾಡು ತುಂಬಿಸಿಕೊಡುತ್ತಿದ್ದರು. ತಪ್ಪು ಅಂತ ಈಗ ಗೊತ್ತು, ಆಗ ಊರೆಲ್ಲ ಹಾಗೇ. ಮೊದಲ ಸಲ ಹಾಕಿದಾಗ ಅಮ್ಮ ಅಡುಗೆಮನೆಯಿಂದಲೇ "ಮೂಗಲ್ಲಿ ಹಾಡ್ತಾಳಲ್ಲೇ ಇವಳು" ಅಂದರು. ನಿಜ, ಸ್ವಲ್ಪ ಮೂಗಿನ ದನಿಯೇ. ನನ್ನದೂ ಅದೇ. ಸಂಗೀತದ ಪಾಠಕ್ಕೆ ಹೋದಾಗ ಈ ಮೂಗಿಗೇ ಬೈಸಿಕೊಂಡು ಆರು ತಿಂಗಳಲ್ಲಿ ಬಿಟ್ಟು ಬಂದಿದ್ದೆ. ಹಾಗಾಗಿ ಅವಳ ಹಾಡು ಕೇಳಿದಾಗ ಎದೆ ಹಗುರಾಯಿತು. ಗಮಕ ಇಲ್ಲ, ಏರಿಳಿತದ ಕಸರತ್ತಿಲ್ಲ. ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಾ ಗುನುಗುವ ಹುಡುಗಿಯ ದನಿ. ಆ ಧೈರ್ಯದಲ್ಲೇ ಕಾಲೇಜ್ ಡೇ ದಿನ ಸ್ಟೇಜ್ ಹತ್ತಿದೆ. ಒಬ್ಬ ಮೇಷ್ಟ್ರು ಮುಖ ಸಿಂಡರಿಸಿದರು. ಗೆಳತಿಯರು ಬೆಂಚು ಮುರಿಯುವ ಹಾಗೆ ಕುಟ್ಟಿದರು. ಮೂರು ತಿಂಗಳಾದ ಮೇಲೆ ಅಮ್ಮ ಅಕ್ಕಿ ರೊಟ್ಟಿ ತಟ್ಟುತ್ತಾ ಅದೇ ಟ್ಯೂನ್ ಗುನುಗುತ್ತಿದ್ದರು. ಕೇಳಿದರೆ "ನಾನೆಲ್ಲಿ?" ಅಂದುಬಿಟ್ಟರು.

ಆಮೇಲೆ ಕೆಲಸ ಸಿಕ್ಕಿತು, ಮದುವೆಯಾಯಿತು. ಹಾಡು ನಿಂತಿತು. ಅದಕ್ಕೆ ಒಳಗೊಳಗೇ ನಾಚಿಕೆಯಿತ್ತು, ಏನನ್ನೋ ಬಿಟ್ಟುಕೊಟ್ಟೆ ಅನ್ನುವ ಹಾಗೆ.

2000ನೇ ಇಸವಿ ಆಗಸ್ಟ್. ಪೇಪರಿನ ಒಳಪುಟದಲ್ಲಿ ಸಣ್ಣ ಸುದ್ದಿ. ಆಗಸ್ಟ್ 13ರಂದು ಲಂಡನ್ನಿನಲ್ಲಿ ನಾಜಿಯಾ ಹಸನ್ ನಿಧನ, ಶ್ವಾಸಕೋಶದ ಕ್ಯಾನ್ಸರ್. ವಯಸ್ಸು 35. ಮೂರು ವರ್ಷದ ಮಗ. ನನಗೂ ಆಗ 35, ಮಗಳಿಗೆ ಏಳು. ಕುಕ್ಕರ್ ಕೂಗುತ್ತಿತ್ತು, ಒಂಬತ್ತೂ ಕಾಲಿಗೆ ಬಸ್ಸು. ಪೇಪರ್ ಮಡಚಿಟ್ಟು ಹೊರಟೆ. ಅಳುವುದಕ್ಕೂ ಪುರುಸೊತ್ತಿರಲಿಲ್ಲ.

ಅವಳ ಬಗ್ಗೆ ಸಮಾಧಾನವಾಗಿ ಓದಿದ್ದು ಎಷ್ಟೋ ವರ್ಷ ಕಳೆದ ಮೇಲೆ. 1992ರ 'ಕ್ಯಾಮೆರಾ ಕ್ಯಾಮೆರಾ' ಅವಳ ಕೊನೆಯ ಆಲ್ಬಮ್. ಕಾನೂನು ಓದಿದ್ದಳು. ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದ್ದಳು. ಓದಿ ನಗು ಬಂತು. ಅಷ್ಟು ದೊಡ್ಡ ಹಾಡುಗಾರ್ತಿಯೇ ಹಾಡು ಪಕ್ಕಕ್ಕಿಟ್ಟು ಫೈಲು ಹಿಡಿದಿದ್ದಾಳೆ, ನಂದೇನು ಮಹಾ! ನಾಚಿಕೆ ಅಂದೇ ಹೋಯಿತು.

ಇನ್ನೊಂದು ವಿಷಯವೂ ಗೊತ್ತಾಯಿತು. ಅವಳಿಗೆ ಟ್ಯೂನ್ ಕೊಟ್ಟ ಸಂಗೀತ ನಿರ್ದೇಶಕರ ಹೆಸರು 'ಬಿದ್ದು'. ಹುಟ್ಟಿದ್ದು ಬೆಂಗಳೂರಿನಲ್ಲಿ, ನಮ್ಮ ಕೊಡವರ ಹುಡುಗ. 'ಕುರ್ಬಾನಿ' ಸಿನಿಮಾ ಮಾಡಿದ ಫಿರೋಜ್ ಖಾನ್ ಕೂಡ ಬೆಂಗಳೂರಲ್ಲೇ ಹುಟ್ಟಿದವರು. ತಮ್ಮನಿಗೆ ಹೇಳಿದೆ. "ನೋಡಿದ್ಯಾ, 180 ಕಿಲೋಮೀಟರ್ ಆಚೀಚೆ ಆಗಿತ್ತು ಅಷ್ಟೇ" ಅಂದ. ಒಪ್ಪಿಕೊಳ್ಳುವ ಜಾಯಮಾನವೇ ಅಲ್ಲ ಅವನದು.

ಹಾಗಾಗಿ ಥ್ಯಾಂಕ್ಸ್ ನಾಜಿಯಾ. ಇದ್ದಿದ್ದರೆ ನಿನಗೂ ಈಗ 60. ಬಿದ್ದು ಅವರಿಗೂ ಥ್ಯಾಂಕ್ಸ್, ಬಸ್ ಸ್ಟ್ಯಾಂಡ್ ಹೋಟೆಲಿನವರಿಗೂ, ಬೆಂಚು ಕುಟ್ಟಿದ ಗೆಳತಿಯರಿಗೂ, ಹಾಡು ಕೇಳಿದ ಆ ಕ್ಯಾಶ್ ಕೌಂಟರ್ ಹುಡುಗಿಗೂ.

ಆ ಕ್ಯಾಸೆಟ್ ಇನ್ನೂ ನನ್ನ ಹತ್ತಿರ ಇದೆ. ಮೇಲೆ ತಮ್ಮನ ಅಕ್ಷರದಲ್ಲಿ 'ನಾಜಿಯಾ, ಹಾಸನ' ಅಂತ ಬರೆದಿದೆ. ಟೇಪ್ ರೆಕಾರ್ಡರ್ ಮಾತ್ರ ಇಲ್ಲ. ಯಾರ ಮನೆಯಲ್ಲಾದರೂ ಓಡುವಂಥದ್ದು ಇದ್ದರೆ ಹೇಳಿ. ಈಗ ಪುರುಸೊತ್ತಿದೆ, ನಾನೇ ಬರ್ತೀನಿ.