ಟ್ಯೂಬನ್ನು ಬೆಳಕಿಗೆ ಹಿಡಿದು ತೋರಿಸಿದವರಿಗೆ

ಹೆಸರು ಬರೆಯಬಾರದೆಂದು ನೀವೇ ಕೇಳಿಕೊಂಡಿದ್ದೀರಿ. ಆದರೂ ವೈದ್ಯಕೀಯ ಮೂರನೆಯ ವರ್ಷದಲ್ಲಿದ್ದ ನನ್ನನ್ನು, ಪ್ರಯೋಗಾಲಯದ ತಿಳಿವಳಿಕೆಯನ್ನು ರೋಗಿಯ ಹಾಸಿಗೆಯವರೆಗೆ ಒಯ್ಯುವ ಸಂಶೋಧನೆಗೆ ಕೈಹಿಡಿದು ಕರೆತಂದ ನಿಮಗೆ ನಾಲ್ಕು ಜನರೆದುರು ಕೃತಜ್ಞತೆ ಸಲ್ಲಿಸದೆ ಇರಲಾರೆ.

ರೋಗಿಗಳ ರಕ್ತದಲ್ಲಿ ಎಲ್‌ಡಿಎಚ್ (ಜೀವಕೋಶಗಳಿಗೆ ಹಾನಿಯಾದಾಗ ಹೊರಬರುವ ಒಂದು ಕಿಣ್ವ) ಮಟ್ಟ ಏರಿದೆಯೆಂದು ನಾನು ಹಿಗ್ಗುತ್ತಾ ಬಂದ ದಿನ ನೀವು ಗ್ರಾಫನ್ನು ಪಕ್ಕಕ್ಕಿಟ್ಟು ಟ್ಯೂಬುಗಳನ್ನು ತರಿಸಿದಿರಿ. ಬೆಳಕಿಗೆ ಹಿಡಿದಾಗ, ಒಣಹುಲ್ಲಿನ ಬಣ್ಣವಿರಬೇಕಾದ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ, ತೆಳುಗೆಂಪಾಗಿತ್ತು. ಕೆಂಪು ರಕ್ತಕಣಗಳು ಒಡೆದರೆ ಅವುಗಳೊಳಗಿನ ಎಲ್‌ಡಿಎಚ್ ಮತ್ತು ಪೊಟ್ಯಾಸಿಯಮ್ ಸೀರಮ್‌ಗೆ ಸೇರುತ್ತವೆ ಎಂಬುದನ್ನು ಪರೀಕ್ಷೆಗಾಗಿ ಓದಿದ್ದೆನಾದರೂ, ವಾರ್ಡಿನ ಮಾದರಿಗಳು ಎಷ್ಟು ಹೊತ್ತು ಕಾದು ಕುಳಿತಿದ್ದವೆಂದು ನಾನು ವಿಚಾರಿಸಿರಲೇ ಇಲ್ಲ. ನೀವು ಗದರಲಿಲ್ಲ. ಮರುದಿನ ಬೆಳಿಗ್ಗೆ ನನ್ನೊಡನೆ ವಾರ್ಡಿಗೆ ಬಂದು, ರಕ್ತ ತೆಗೆಯುವ ದಾದಿಯರ ಪಕ್ಕದಲ್ಲಿ ನಿಂತು, ಸೂಜಿಯಿಂದ, ರಕ್ತವನ್ನು ವೇಗವಾಗಿ ತಿರುಗಿಸಿ ಸೀರಮ್ ಬೇರ್ಪಡಿಸುವ ಸೆಂಟ್ರಿಫ್ಯೂಜ್‌ವರೆಗಿನ ಪ್ರತಿ ನಿಮಿಷವನ್ನೂ ಗಡಿಯಾರ ನೋಡಿ ನನ್ನಿಂದ ಬರೆಸಿದಿರಿ. ಬಿಡುವೇ ಇಲ್ಲದ ವೈದ್ಯರೊಬ್ಬರು ವಿದ್ಯಾರ್ಥಿಗೆ ಕೊಡಬಹುದಾದದ್ದರಲ್ಲಿ ಇದಕ್ಕಿಂತ ದೊಡ್ಡದು ನನಗೆ ತೋಚುವುದಿಲ್ಲ.

ಆ ಏರಿಕೆ ರೋಗದ್ದಲ್ಲ, ಟ್ಯೂಬಿನಲ್ಲಿ ಒಡೆದ ಕಣಗಳದ್ದು, ಆರು ತಿಂಗಳ ಕೆಲಸ ಹೋಯಿತೆಂದು ನಾನು ಕುಗ್ಗಿದಾಗ ನೀವು ಇನ್ಸುಲಿನ್ ವಿಷಯ ತೆಗೆದಿರಿ. 1922ರ ಜನವರಿ 11ರಂದು ಟೊರೊಂಟೊದಲ್ಲಿ ಮಧುಮೇಹವಿದ್ದ 14 ವರ್ಷದ ಹುಡುಗನಿಗೆ ಕೊಟ್ಟ ಮೊದಲ ಚುಚ್ಚುಮದ್ದು ಅಶುದ್ಧವಾಗಿದ್ದು ಹೆಚ್ಚೇನೂ ಫಲಿಸಲಿಲ್ಲ. ಜೀವರಸಾಯನಶಾಸ್ತ್ರಜ್ಞ ಜೇಮ್ಸ್ ಕಾಲಿಪ್ ಆ ಸಾರವನ್ನು ಶುದ್ಧಗೊಳಿಸಿದ ಮೇಲೆ, ಜನವರಿ 23ರಂದು ಮತ್ತೆ ಕೊಟ್ಟಾಗ ಸಕ್ಕರೆ ಇಳಿಯಿತು. ನಡುವಿನ ಆ 12 ದಿನಗಳನ್ನು ಓದಿಕೊಂಡು ಬಾ ಎಂದಿರಿ. ಓದಿದೆ, ಹೊಸ ಮಾದರಿಗಳನ್ನು ಸಂಗ್ರಹಿಸಿದೆ.

ಅಂದು ಬರೆದ ನಿಮಿಷಗಳ ಪಟ್ಟಿಯನ್ನು ಇಂದಿಗೂ ಇಟ್ಟುಕೊಂಡಿದ್ದೇನೆ, ಸರ್.