ಭಾನುವಾರ ಮೈದಾನಕ್ಕೆ ಮನೆಯ ಹಿರಿಯರನ್ನೂ ಕರೆತನ್ನಿ

ಕ್ಲಬ್ಬಿನ ಎಲ್ಲ ಸದಸ್ಯರಿಗೆ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 6:30ಕ್ಕೆ ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಪಂದ್ಯವಿಲ್ಲ. ಹೃದಯದ ಆರೋಗ್ಯ ಕುರಿತ ನಮ್ಮ ಜಾಗೃತಿ ಅಭಿಯಾನ ಅಂದು ಆರಂಭವಾಗುತ್ತದೆ.

2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಫಿನ್ಲೆಂಡ್ ವಿರುದ್ಧ ಆಡುತ್ತಿದ್ದಾಗ ಡೆನ್ಮಾರ್ಕ್‌ನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಕುಸಿದು ಬಿದ್ದದ್ದು ಹಲವರಿಗೆ ನೆನಪಿರಬಹುದು. ಅವರ ಹೃದಯ ನಿಂತಿತ್ತು. ಮೈದಾನದಲ್ಲೇ ಎದೆ ಒತ್ತಿ, ಡಿಫಿಬ್ರಿಲೇಟರ್ (ವಿದ್ಯುತ್ ಆಘಾತ ಕೊಟ್ಟು ಹೃದಯದ ಬಡಿತ ಸರಿಪಡಿಸುವ ಯಂತ್ರ) ಬಳಸಿದ್ದರಿಂದ ಬದುಕಿದರು. ಮರುವರ್ಷ ಮತ್ತೆ ಆಡಿದರು. ನಮ್ಮಲ್ಲಿ ಹಾಗಾದರೆ ಎದೆ ಒತ್ತಲು ಎಷ್ಟು ಜನರಿಗೆ ಬರುತ್ತದೆ? ಈ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ಎದೆಯ ನಡುವೆ ಎರಡೂ ಕೈ ಇಟ್ಟು, ಸುಮಾರು 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಭಾನುವಾರ ತರಬೇತಿಯ ಬೊಂಬೆಯ ಮೇಲೆ ಪ್ರತಿಯೊಬ್ಬರೂ ಮಾಡಿ ಕಲಿಯಲೇಬೇಕು. ದೂರ ನಿಂತು ನೋಡಿದರೆ ಕೈಗೆ ಬರುವುದಿಲ್ಲ.

ರಕ್ತದೊತ್ತಡ, ಸಕ್ಕರೆ ತಪಾಸಣೆ ಉಚಿತ.

ಎದೆನೋವು ಬಂದರೆ ‘ಗ್ಯಾಸ್’ ಎಂದುಕೊಂಡು ಸೋಡಾ ಕುಡಿದು ಮಲಗುವ ರೂಢಿ ನಮ್ಮ ಓಣಿಗಳಲ್ಲಿ ಇನ್ನೂ ಇದೆ. ದಯವಿಟ್ಟು ಬೇಡ. ನೋವು ಎಡಗೈಗೋ ದವಡೆಗೋ ಹರಡಿದರೆ, ತಣ್ಣನೆಯ ಬೆವರು ಬಂದರೆ ತಕ್ಷಣ 108ಕ್ಕೆ ಕರೆ ಮಾಡಿ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ಮಾಡಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಗತ್ಯವಿದ್ದವರಿಗೆ ಉಚಿತವಾಗಿ ಕೊಡುತ್ತಾರೆ. ಕುಂದಗೋಳ, ಕಲಘಟಗಿ ಕಡೆಯಿಂದ ಬರುವ ಗೆಳೆಯರು ಇದನ್ನು ಊರಿನಲ್ಲಿ ಎಲ್ಲರಿಗೂ ತಿಳಿಸಿ.

ನಿಮ್ಮೊಂದಿಗೆ ಎಷ್ಟು ಜನ ಬರುತ್ತಾರೆಂದು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ಬರೆಯಿರಿ.