ಅವ್ವನ ಊರಿಗೆ ಹೊರಟ ಗೆಳೆಯನಿಗೆ

ಪ್ರಿಯ ಗೆಳೆಯಾ,

ಬಾದಾಮಿ ಪ್ರವಾಸದ ನಿನ್ನ ಪಟ್ಟಿಯನ್ನು ಓದಿದೆ. ಗುಹೆಗಳು, ಅಗಸ್ತ್ಯತೀರ್ಥ, ಭೂತನಾಥ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಬನಶಂಕರಿ ಎಲ್ಲವೂ ಇವೆ. ಕೊನೆಯ ಸಾಲಿನಲ್ಲಿ ಮಾತ್ರ ‘ಸಮಯ ಉಳಿದರೆ ಗುಳೇದಗುಡ್ಡ’ ಎಂದು ಬರೆದಿದ್ದೀಯ. ದಯವಿಟ್ಟು ಆ ಸಾಲನ್ನು ಪಟ್ಟಿಯ ತಲೆಗೆ ತಂದು ಕೂರಿಸು. ಅವ್ವ ಹುಟ್ಟಿ ಬೆಳೆದ ಊರು ಅದು. ಇಷ್ಟು ವರ್ಷಗಳ ಮೇಲೆ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೀಯ, ಫೋಟೋ ವಿಡಿಯೋ ಎರಡನ್ನೂ ಹೆಣೆದು ಒಂದು ಕಥನ ಮಾಡಬೇಕೆಂದಿದ್ದೀಯ. ಆ ಕಥನ ಅವ್ವನದೇ ಆಗಲಿ ಎಂದು ಒತ್ತಾಯಿಸುವುದಕ್ಕಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಬಾದಾಮಿಯ ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನನ್ನು ನೀನು ಎಷ್ಟು ಚೆನ್ನಾಗಿ ಸೆರೆಹಿಡಿದರೂ ಅಂಥ ಚಿತ್ರಗಳು ಆಗಲೇ ಸಾಕಷ್ಟಿವೆ. ಮೂರನೆಯ ಗುಹೆಯನ್ನು ಚಾಲುಕ್ಯರ ಮಂಗಳೇಶ ಮಾಡಿಸಿದ, ಅಲ್ಲಿನ ಶಾಸನದ ಕಾಲ ಕ್ರಿ.ಶ. 578 ಎಂಬುದನ್ನು ಅಲ್ಲಿನ ಮಾರ್ಗದರ್ಶಿಗಳು ನಿನಗಿಂತ ಚೆನ್ನಾಗಿ ಹೇಳುತ್ತಾರೆ. ಆದರೆ ಆ ನಟರಾಜನ ಮುಂದೆ ನಿಂತು ಅವ್ವ ಏನು ನೋಡುತ್ತಾರೆ, ಯಾವ ಕೈಯನ್ನು ತೋರಿಸಿ ಏನು ಹೇಳುತ್ತಾರೆ ಎನ್ನುವುದು ಯಾರ ಬಳಿಯೂ ಇಲ್ಲ. ಅಲ್ಲಿ ಕ್ಯಾಮೆರಾವನ್ನು ಶಿಲ್ಪದ ಕಡೆಯಿಂದ ಅವರ ಕಡೆಗೆ ತಿರುಗಿಸು.

ಯಾವುದಕ್ಕೆ ಫೋಟೋ, ಯಾವುದಕ್ಕೆ ವಿಡಿಯೋ ಎಂದು ಕೇಳಿದ್ದೆಯಲ್ಲ? ನಾನು ಕಣ್ಣಿಗಿಂತ ಮೊದಲು ಕಿವಿಯನ್ನು ಕೇಳುತ್ತೇನೆ. ಸದ್ದು ಇಲ್ಲದಿದ್ದರೆ ಅರ್ಥ ಕಳೆದುಹೋಗುವಂಥದ್ದು ವಿಡಿಯೋಗೆ. ಸುಮ್ಮನೆ ದಿಟ್ಟಿಸುತ್ತಾ ನಿಲ್ಲಬೇಕೆನಿಸುವಂಥದ್ದು ಫೋಟೋಗೆ. ಭೂತನಾಥ ದೇವಾಲಯ ಅಗಸ್ತ್ಯತೀರ್ಥ ಕೆರೆಯ ಪೂರ್ವ ದಂಡೆಯಲ್ಲಿದೆ, ಇಳಿಬಿಸಿಲು ನೇರವಾಗಿ ಬಿದ್ದಾಗ ಹಿಂದಿನ ಮರಳುಗಲ್ಲಿನ ಬಂಡೆ ಕೆಂಪಾಗುತ್ತದೆ. ಅದಕ್ಕೆ ಒಂದೇ ಒಂದು ಫೋಟೋ ಸಾಕು, ಕ್ಯಾಮೆರಾವನ್ನು ಅತ್ತಿತ್ತ ಹೊರಳಿಸುವ ವಿಡಿಯೋ ಬೇಡ. ಅದೇ ಕೆರೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಸದ್ದು ಬಂಡೆಗೆ ಬಡಿದು ಮರಳುತ್ತದೆ, ಅದು ಫೋಟೋದಲ್ಲಿ ಸಿಗುವುದಿಲ್ಲ.

ಈಗ ಗುಳೇದಗುಡ್ಡದ ಮಾತು. ಅವ್ವ ಚಿಕ್ಕವರಿದ್ದಾಗ ಶಾಲೆ ಬಿಟ್ಟು ಬಂದ ಮೇಲೆ ಕಂಡಿಕೆ (ಮಗ್ಗದ ಲಾಳಿಯಲ್ಲಿ ಇಡುವ ನೂಲಿನ ಸುರುಳಿ) ಸುತ್ತುತ್ತಿದ್ದರು ಎಂದು ನೀನೇ ಹೇಳಿದ್ದೆ. ನಿನ್ನ ಕಥನದ ಬೇರು ಅಲ್ಲಿದೆ. ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯುವ ಮನೆಗಳು ಅಲ್ಲಿ ಇನ್ನೂ ಇವೆ. ಗುಳೇದಗುಡ್ಡದ ಖಣಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಇಳಕಲ್ ಸೀರೆಯ ಜೊತೆ ಈ ಖಣದ ಕುಪ್ಪಸ ತೊಟ್ಟ ಹೆಂಗಸರನ್ನು ನಾವಿಬ್ಬರೂ ನೋಡುತ್ತಲೇ ಬೆಳೆದೆವು, ಆದರೆ ಅದು ಮಗ್ಗದಿಂದ ಇಳಿಯುವುದನ್ನು ನೋಡಿದವರು ನಮ್ಮ ಓರಗೆಯಲ್ಲಿ ಎಷ್ಟು ಜನ? ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯುವ ಮಗ್ಗ ಅದು. ಲಾಳಿ ಓಡುವ ಸದ್ದು, ಹಲಗೆ ಬಡಿಯುವ ಸದ್ದು, ನಡುವೆ ನೂಲು ಕಡಿದರೆ ಥಟ್ಟನೆ ನಿಲ್ಲುವ ಮೌನ. ಇದನ್ನು ವಿಡಿಯೋ ಮಾಡು, ಬಹಳ ಹೊತ್ತು ಮಾಡು. ಕೈ, ಕಾಲು, ಮುಖ, ನೂಲು, ಬಾಗಿಲಿನಿಂದ ಕಾಣುವ ಇಡೀ ಮನೆ, ಒಂದೊಂದನ್ನೂ ಬೇರೆಯಾಗಿ, ಕ್ಯಾಮೆರಾ ಅಲುಗದಂತೆ ಹತ್ತು ಸೆಕೆಂಡಾದರೂ ಹಿಡಿ. ಆಮೇಲೆ ಜೋಡಿಸುವಾಗ ಕತ್ತರಿಸಿಕೊಳ್ಳಲು ಅಷ್ಟು ಉದ್ದ ಬೇಕೇ ಬೇಕು. ನೇಯ್ದು ಮುಗಿದ ಖಣದ ಚಿತ್ತಾರಕ್ಕೆ ಮಾತ್ರ ಫೋಟೋ, ಕಿಟಕಿಯ ಬೆಳಕಿನಲ್ಲಿ, ಹತ್ತಿರದಿಂದ.

ಆ ಮನೆಗಳ ಒಳಗೆ ಬೆಳಕು ಕಡಿಮೆ, ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್‌ನದು. ಮೊಬೈಲನ್ನು ಅದರ ಪಾಡಿಗೆ ಬಿಟ್ಟರೆ ವಿಡಿಯೋದಲ್ಲಿ ಬೆಳಕು ಪಟ್ಟೆಪಟ್ಟೆಯಾಗಿ ಮಿನುಗಬಹುದು. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಎಂದು ಇಟ್ಟುಕೊಂಡರೆ ಆ ಕಾಟ ತಪ್ಪುತ್ತದೆ. ಮೊಬೈಲನ್ನು ಅಡ್ಡ ಹಿಡಿಯಬೇಕೋ ಉದ್ದ ಹಿಡಿಯಬೇಕೋ ಎಂಬುದನ್ನು ರೈಲು ಹತ್ತುವ ಮೊದಲೇ ನಿರ್ಧರಿಸು, ನಡುವೆ ಬದಲಾಯಿಸಬೇಡ. ಅಡ್ಡವೇ ಇರಲಿ ಎನ್ನುತ್ತೇನೆ, ಮಗ್ಗವೂ ಅಡ್ಡ, ಜೋಳದ ಹೊಲವೂ ಅಡ್ಡ. ಸ್ಮಾರಕಗಳ ಆವರಣದಲ್ಲಿ ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕಾಗುತ್ತದೆ. ಟ್ರೈಪಾಡನ್ನು ನೇಕಾರರ ಮನೆಗಷ್ಟೇ ಒಯ್ಯಿ.

ನೇಕಾರರ ಮನೆಗೆ ಕ್ಯಾಮೆರಾ ಹಿಡಿದು ಒಳನುಗ್ಗಬೇಡ ಎಂದು ನಿನಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಮೊದಲು ಅವ್ವ ಹೋಗಿ ಕುಳಿತು ಮಾತಾಡಲಿ. ಯಾರ ಮಗಳು, ಯಾವ ಓಣಿ ಎಂಬ ವಿಚಾರಣೆ ಮುಗಿದು ಚಹಾ ಬರಲಿ. ಆಮೇಲೆ ಕೇಳಿ ತೆಗೆ, ತೆಗೆದದ್ದನ್ನು ಅಲ್ಲೇ ಅವರಿಗೆ ತೋರಿಸು, ಬೇಡ ಎಂದದ್ದನ್ನು ಅವರ ಎದುರಿಗೇ ಅಳಿಸು. ಒಂದು ಖಣವನ್ನಾದರೂ ಅವರ ಕೈಯಿಂದಲೇ ಕೊಂಡುಕೋ.

ಪಟ್ಟದಕಲ್ಲಿಗೆ ಬೆಳಿಗ್ಗೆಯೇ ಹೋಗಿ. ವಿರೂಪಾಕ್ಷ ದೇವಾಲಯ ಪೂರ್ವಕ್ಕೆ ಮುಖ ಮಾಡಿದೆ, ಬೆಳಗಿನ ಬಿಸಿಲಿನಲ್ಲೇ ಅದರ ಮುಂಭಾಗ ಬೆಳಗುವುದು. ಅದನ್ನು ಕಟ್ಟಿಸಿದವಳು ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, ಗಂಡ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ. ಪಕ್ಕದ ಮಲ್ಲಿಕಾರ್ಜುನ ದೇವಾಲಯ ಅವಳ ತಂಗಿ ತ್ರೈಲೋಕ್ಯಮಹಾದೇವಿಯದು, ಅವಳೂ ಅದೇ ರಾಜನ ರಾಣಿ. ಅಕ್ಕತಂಗಿಯರ ಈ ಕಥೆಯನ್ನು ಅಲ್ಲೇ ಕಟ್ಟೆಯ ಮೇಲೆ ಕುಳಿತು ಅವ್ವನಿಗೆ ಹೇಳು, ಮೈಕ್ ಚಾಲೂ ಇರಲಿ. ಅವರು ಏನಾದರೂ ಹೇಳದೆ ಬಿಡುವುದಿಲ್ಲ. ಐಹೊಳೆಯನ್ನು ಈ ಸಲ ಕೈಬಿಡು. ಮೇಗುತಿ ಗುಡ್ಡದ ಮೆಟ್ಟಿಲು ಅವರ ಮಂಡಿಗೆ ಕಷ್ಟ, ನೀನೊಬ್ಬನೇ ಹತ್ತಿ ತೆಗೆದ ಚಿತ್ರಕ್ಕೆ ಈ ಕಥನದಲ್ಲಿ ಜಾಗವಿಲ್ಲ.

ಬನಶಂಕರಿಯಲ್ಲಿ ಗುಡಿಯ ಹೊರಗೆ ಬುಟ್ಟಿ ಹೊತ್ತು ಬರುವ ಹೆಂಗಸರು ಖಡಕ್ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಗಡಿಗೆಯ ಮೊಸರು ಬಡಿಸುತ್ತಾರೆ. ಅಲ್ಲಿ ಕ್ಯಾಮೆರಾವನ್ನು ಚೀಲದಲ್ಲಿಟ್ಟು ಮೊದಲು ಊಟ ಮಾಡು. ಬನದ ಹುಣ್ಣಿಮೆಯ ಜಾತ್ರೆಗೇ ಹೋಗುವುದೋ, ಮೊದಲೇ ಹೋಗಿಬರುವುದೋ ಎಂದು ಕೇಳಿದ್ದೀಯ. ಧ್ವನಿಮುದ್ರಣದ ದೃಷ್ಟಿಯಿಂದ ಡಿಸೆಂಬರ್ ಒಳ್ಳೆಯದು. ಜೋಳ ಹೊಲದಲ್ಲಿ ನಿಂತಿರುತ್ತದೆ, ಜನ ಕಡಿಮೆ. ಆದರೆ ತಮ್ಮ ಅಪ್ಪನ ಜೊತೆ ಚಕ್ಕಡಿಯಲ್ಲಿ ಬಂದು ಬೆಳತನಕ ಕಂಪನಿ ನಾಟಕ ನೋಡಿದ ಜಾತ್ರೆಯನ್ನು ಮತ್ತೊಮ್ಮೆ ನೋಡಬೇಕೆಂಬ ಆಸೆ ಅವ್ವನಿಗಿದ್ದರೆ, ಜಾತ್ರೆಗೇ ಹೋಗಿ. ಈ ಪ್ರಶ್ನೆಯನ್ನು ನನಗಿಂತ ಮೊದಲು ಅವರಿಗೆ ಕೇಳಬೇಕು.

ಜೋಡಣೆಯ ಬಗ್ಗೆ ಒಂದು ಮಾತು. ಫೋಟೋ ಮುಗಿದ ಮೇಲೆ ವಿಡಿಯೋ, ವಿಡಿಯೋ ಮುಗಿದ ಮೇಲೆ ಫೋಟೋ ಎಂದು ಸರದಿಯಲ್ಲಿ ಇಡಬೇಡ. ಅವ್ವನ ಧ್ವನಿಯನ್ನೇ ಹಾಸು ಮಾಡಿಕೊಂಡು ಚಿತ್ರಗಳನ್ನು ಹೊಕ್ಕಿನಂತೆ ಅದರೊಳಗೆ ಸೇರಿಸುತ್ತಾ ಹೋಗು. ಅವರ ಮದುವೆಯ ಕಪ್ಪುಬಿಳುಪು ಫೋಟೋ ತೆರೆಯ ಮೇಲಿರುವಾಗ ಕೆಳಗೆ ಮಗ್ಗದ ಸದ್ದು ನಡೆಯುತ್ತಿರಲಿ. ಅವರು ಹಳೆಯ ಓಣಿಯ ಹೆಸರು ಹೇಳಿದಾಗ ಆ ಓಣಿಯ ಇಂದಿನ ಚಿತ್ರ ಬರಲಿ, ಅದು ಗುರುತು ಸಿಗದಷ್ಟು ಬದಲಾಗಿದ್ದರೂ ಸರಿ. ಹಿನ್ನೆಲೆ ಸಂಗೀತ ಬೇಡವೇ ಬೇಡ. ಹೋದಲ್ಲೆಲ್ಲ ಯಾರೂ ಮಾತಾಡದೆ ಅರ್ಧ ನಿಮಿಷ ಆ ಜಾಗದ ಸದ್ದನ್ನಷ್ಟೇ ಮುದ್ರಿಸಿಕೊಂಡರೆ, ಮಾತಿನ ತುಣುಕುಗಳ ನಡುವಿನ ಬಿರುಕು ಮುಚ್ಚಲು ಅದೇ ಸಾಕಾಗುತ್ತದೆ.

ಗದಗದಿಂದ ಬಾಗಲಕೋಟೆ ಕಡೆಗೆ ಹಗಲಿನ ರೈಲನ್ನೇ ಹಿಡಿ, ಅವ್ವನಿಗೆ ಕಿಟಕಿ ಪಕ್ಕದ ಜಾಗ ಕೊಡು. ಗುಳೇದಗುಡ್ಡ ರೋಡ್ ನಿಲ್ದಾಣದ ಹೆಸರು ಕಂಡ ಮೇಲೆ ಅವರು ಆಡುವ ಮಾತು ತಪ್ಪಿಹೋಗಬಾರದು. ಸೆರಗಿಗೆ ಸಿಕ್ಕಿಸುವ ಪುಟ್ಟ ಮೈಕ್ ನನ್ನ ಬಳಿ ಇದೆ, ಗಾಳಿಸದ್ದು ತಡೆಯುವ ತುಪ್ಪಳದ ಟೋಪಿಯೂ ಇದೆ. ಎರಡನ್ನೂ ಈ ವಾರವೇ ಕೊರಿಯರ್‌ಗೆ ಹಾಕುತ್ತೇನೆ. ಬಂದ ಕೂಡಲೇ ಮನೆಯಲ್ಲೇ ಅವ್ವನಿಗೆ ಸಿಕ್ಕಿಸಿ, ಕಂಡಿಕೆ ಸುತ್ತುವುದು ಹೇಗೆಂದು ಕೇಳಿ ಮುದ್ರಿಸಿ ನನಗೆ ಕಳುಹಿಸು. ಧ್ವನಿ ಎಷ್ಟು ಸ್ಪಷ್ಟವಾಗಿ ಬರುತ್ತದೆ ಎಂದು ಕೇಳಿ ಹೇಳುತ್ತೇನೆ.

ಅವ್ವನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಗೆಳೆಯ